ಹಲ್ಲಿಗೆ ಹಲ್ಲು ಕೂಡುವ ಹೊತ್ತು

ಹಳೆಯ ಕಾರುಗಳ ಗೇರ್‌ಬಾಕ್ಸಿಗೆ ಇಂಗ್ಲಿಷರು ಇಟ್ಟ ಹೆಸರು ‘ಕ್ರ್ಯಾಶ್ ಬಾಕ್ಸ್’. ಹೆಸರಿನಲ್ಲೇ ಸದ್ದಿದೆ. ಗೇರ್ ಬದಲಿಸುವ ಹೊತ್ತು ತಪ್ಪಿದರೆ ಉಕ್ಕಿನ ಹಲ್ಲುಗಳು ಒಂದಕ್ಕೊಂದು ಉಜ್ಜಿ ಕರಕರ ಎನ್ನುತ್ತವೆ. ರಸ್ತೆ ಬದಿಯ ಟೀ ಅಂಗಡಿಯಲ್ಲಿ ಕೂತವರೂ ತಲೆ ತಿರುಗಿಸಿ ನೋಡುತ್ತಾರೆ. ಫ್ರಾನ್ಸಿನ ಎಮಿಲ್ ಲೆವಸೊರ್ 1891ರ ಸುಮಾರಿಗೆ ಜಾರುವ ಗೇರುಗಳ ಈ ಏರ್ಪಾಡನ್ನು ಕಾರಿಗೆ ಅಳವಡಿಸಿದ. ಇದು ಒರಟು, ಆದರೆ ಕೆಲಸ ಮಾಡುತ್ತದೆ ಎಂದು ಅವನೇ ಹೇಳಿದನೆಂಬ ಮಾತು ಮೋಟಾರು ಚರಿತ್ರೆ ಬರೆಯುವವರಲ್ಲಿ ಪ್ರಚಲಿತ. ಆ ಒರಟುತನವನ್ನು ಪಳಗಿಸುವ ಹೊಣೆ ಮಾತ್ರ ಯಂತ್ರದ ಪಾಲಿಗೆ ಬರಲಿಲ್ಲ, ಚಾಲಕನ ಕೈಕಾಲಿನ ಪಾಲಿಗೆ ಬಂತು. ನನ್ನ ಪ್ರಶ್ನೆ ಆ ಹೊಣೆಯ ಕುರಿತು. ಅದು ಬರೀ ಕೌಶಲವೇ? ಅಥವಾ ನಾವು ನಡತೆ ಎಂದು ಕರೆಯುವುದರಲ್ಲಿ ಅದಕ್ಕೂ ಜಾಗವಿದೆಯೇ?

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಮೈಸೂರಿನ ಗೆಳತಿಯೊಬ್ಬಳ ಮನೆಯಲ್ಲಿ 1920ರ ದಶಕದ ಕೊನೆಯ ಆಸ್ಟಿನ್ ಸೆವೆನ್ ಇದೆ. 747 ಸಿಸಿಯ ಪುಟ್ಟ ಎಂಜಿನ್, ಮೂರು ಗೇರು, ಹೆಬ್ಬೆರಳ ಅಗಲಕ್ಕಿಂತ ಹೆಚ್ಚು ಚಲಿಸದಂತಿರುವ ಕ್ಲಚ್. ಎರಡನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಒಂದೂವರೆ ಪಟ್ಟು ಅಂತರವಿದ್ದರೆ, ಅದೇ ವೇಗದಲ್ಲಿ ಮೂರನೇ ಗೇರಿಗೆ ಬೇಕಾದದ್ದು 1600 ಸುತ್ತು. ಆದ್ದರಿಂದ ಗೇರ್ ಏರಿಸುವಾಗ ಕ್ಲಚ್ ತುಳಿದು, ಕೋಲನ್ನು ನ್ಯೂಟ್ರಲ್‌ಗೆ ತಂದು, ಒಳಗಿನ ತಿರುಗಾಟ ಇಳಿಯುವವರೆಗೆ ತಡೆಯಬೇಕು. ಇಳಿಸುವಾಗ ಇದಕ್ಕೆ ತಿರುವುಮುರುವು: ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು, ಆಕ್ಸಿಲರೇಟರನ್ನು ಒಮ್ಮೆ ಒತ್ತಿ ಎಂಜಿನ್ನನ್ನು ಮೇಲೆಬ್ಬಿಸಿ, ಮತ್ತೆ ಕ್ಲಚ್ ತುಳಿದು ಗೇರಿಗೆ ಹಾಕಬೇಕು. ಲಾರಿಯವರು ಡಬಲ್ ಕ್ಲಚ್ ಎನ್ನುವುದು ಇದಕ್ಕೇ. ವೇಗಗಳೆರಡೂ ಸಮವಾದ ಕ್ಷಣದಲ್ಲಿ ಕೋಲು ಬೆರಳ ತುದಿಗೇ ಒಳಗೆ ಇಳಿಯುತ್ತದೆ, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ. ಆ ಕ್ಷಣದ ಹಿಂದೆ ಮುಂದೆ ಎಷ್ಟು ಬಲ ಹಾಕಿದರೂ ಹಾನಿಯೇ.

ಇದನ್ನು ನನಗೆ ಕಲಿಸಿದವರು ಆ ಮನೆಯ ಹಳೆಯ ಚಾಲಕರು. ಮನೆಯ ಮಕ್ಕಳೆಲ್ಲ ಅವರನ್ನು ಡ್ರೈವರ್ ಮಾಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಈಗ ಎಂಬತ್ತರ ಆಸುಪಾಸು. ಮೇಲೆ ನಾನು ಬರೆದ ಲೆಕ್ಕವನ್ನು ಅವರು ಒಮ್ಮೆಯೂ ಹೇಳಲಿಲ್ಲ. ಪಕ್ಕದಲ್ಲಿ ಕೂತು, ನನ್ನ ಕೈ ಕೋಲಿನ ಮೇಲೆ ಬಿಗಿಯಾದಾಗಲೆಲ್ಲ, “ತಳ್ಬೇಡಿ ಅಮ್ಮಾ, ಕೇಳಿಸ್ಕೊಳಿ” ಎನ್ನುತ್ತಿದ್ದರು. ಏನನ್ನು ಕೇಳಿಸಿಕೊಳ್ಳಬೇಕು ಎಂದರೆ ಉತ್ತರವಿಲ್ಲ. ಮೂರನೆಯ ವಾರದಲ್ಲೋ ಏನೋ ಎಂಜಿನ್ನಿನ ದನಿ ಇಳಿಯುತ್ತಾ ಒಂದು ಮಟ್ಟಕ್ಕೆ ಬಂದು ನಿಲ್ಲುವುದು ನನಗೂ ಕೇಳಿಸತೊಡಗಿತು. ಸಂಗೀತ ಕಲಿತವರಿಗೆ ಇದು ಬೇಗ ಒಲಿಯುತ್ತದೆ ಎಂದು ನನ್ನ ಗುಮಾನಿ. ತಂಬೂರಿ ಶ್ರುತಿ ಮಾಡುವವರ ಮುಖದಲ್ಲಿ ಕಾಣುವ ಕಾಯುವಿಕೆಯೇ ಅವರ ಮುಖದಲ್ಲೂ ಇರುತ್ತಿತ್ತು.

ಕೈಯ ತಿಳಿವು ಮಾತಿಗೆ ಸಿಗುವುದಿಲ್ಲ ಎಂಬುದು ಹಳೆಯ ಸಂಗತಿ. ಚೀನಾದ ಜುವಾಂಗ್‌ಜಿಯ ಹೆಸರಿನ ಗ್ರಂಥದಲ್ಲಿ ಗಾಲಿ ಮಾಡುವ ಮುದುಕನೊಬ್ಬ ಬರುತ್ತಾನೆ. ಪುಸ್ತಕ ಓದುತ್ತಿರುವ ದೊರೆಗೆ, ನೀವು ಓದುತ್ತಿರುವುದು ಸತ್ತವರು ಬಿಟ್ಟುಹೋದ ಗಸಿ ಎಂದುಬಿಡುತ್ತಾನೆ. ದೊರೆ ಸಿಟ್ಟಾದಾಗ ತನ್ನ ಕಸುಬನ್ನೇ ಮುಂದಿಡುತ್ತಾನೆ: ಏಟು ತೀರ ನಿಧಾನವಾದರೂ ಕೆಟ್ಟಿತು, ತೀರ ಬಿರುಸಾದರೂ ಕೆಟ್ಟಿತು, ಹದ ಕೈಗೆ ಗೊತ್ತು, ಮಗನಿಗೆ ಹೇಳಿಕೊಡಲು ಬಾಯಿಗೆ ಬರುವುದಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಗಿಲ್ಬರ್ಟ್ ರೈಲ್ ಇದನ್ನೇ ತತ್ತ್ವಶಾಸ್ತ್ರದ ಭಾಷೆಗೆ ತಂದ. ಒಂದು ಸಂಗತಿ ಹೀಗಿದೆ ಎಂದು ತಿಳಿದಿರುವುದು ಬೇರೆ, ಮಾಡುವುದು ಹೇಗೆಂದು ತಿಳಿದಿರುವುದು ಬೇರೆ, ಎರಡನೆಯದನ್ನು ಮೊದಲನೆಯದಕ್ಕೆ ಇಳಿಸಲು ಆಗದು ಎಂದು 1949ರ ತನ್ನ ಪುಸ್ತಕದಲ್ಲಿ ವಾದಿಸಿದ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ರೈಲ್‌ನನ್ನು ಪಾಠ ಮಾಡುತ್ತೇವೆ. ಗಾಲಿ ಮಾಡುವವರನ್ನು ಕರೆಸುವುದಿಲ್ಲ, ಅದು ಬೇರೆ ಮಾತು.

ಆದರೆ ಇದರಿಂದ ನನ್ನ ಪ್ರಶ್ನೆ ತೀರುವುದಿಲ್ಲ. ಅರಿಸ್ಟಾಟಲ್ ಕಸುಬಿಗೂ ಸದ್ಗುಣಕ್ಕೂ ನಡುವೆ ಒಂದು ಗೆರೆ ಎಳೆದಿದ್ದಾನೆ. ಕಸುಬಿನಲ್ಲಿ ಬೇಕೆಂದೇ ತಪ್ಪು ಮಾಡುವವನು, ತಿಳಿಯದೆ ತಪ್ಪು ಮಾಡುವವನಿಗಿಂತ ಮೇಲು, ಏಕೆಂದರೆ ಅವನಿಗೆ ಕೆಲಸ ಗೊತ್ತಿದೆ. ನಡತೆಯಲ್ಲಿ ಇದು ತಲೆಕೆಳಗು. ಬೇಕೆಂದೇ ಕೆಡುಕು ಮಾಡಿದವನನ್ನು ಯಾರೂ ಮೇಲು ಎನ್ನುವುದಿಲ್ಲ. ಈ ಗೆರೆಯ ಪ್ರಕಾರ ನಯವಾಗಿ ಗೇರ್ ಹಾಕುವುದು ಕಸುಬು, ಅಷ್ಟೇ. ಬೇಕೆಂದೇ ಹಲ್ಲು ಸವೆಸುವ ಚಾಲಕನೂ ಒಳ್ಳೆಯ ಚಾಲಕನೇ. ನನಗೆ ಇಲ್ಲಿ ತೊಡಕು ಕಾಣುವುದು ಒಂದು ಕಾರಣಕ್ಕೆ: ಕಾರು ಅವನದಲ್ಲ. ಡ್ರೈವರ್ ಮಾಮ ಮೂವತ್ತೈದು ವರ್ಷ ಸವೆಯದಂತೆ ಕಾಪಾಡಿದ್ದು ಬೇರೊಬ್ಬರ ಹಲ್ಲುಗಳನ್ನು. ಹಾಳಾಗಿದ್ದರೆ ಬಿಡಿಭಾಗ ತರಿಸುವ ಖರ್ಚು ಯಜಮಾನರದು. ಹಾಗಿದ್ದ ಮೇಲೆ ಅಷ್ಟು ಎಚ್ಚರ ಯಾಕೆ?

ಅನುಮಾನಿಸುವವರ ಉತ್ತರ ಸಿದ್ಧವಾಗಿದೆ. ಭಯ. ಕೆಲಸ ಹೋಗುವ ಭಯ, ಸಂಬಳ ಹಿಡಿಯುವ ಭಯ. ಕಾಂಟ್ 1785ರಲ್ಲಿ ಹೇಳಿದ ಅಂಗಡಿಯವನು ಇಲ್ಲಿ ನೆನಪಾಗುತ್ತಾನೆ. ಅರಿಯದ ಗಿರಾಕಿಯಿಂದಲೂ ಅವನು ಹೆಚ್ಚು ಬೆಲೆ ಕೀಳುವುದಿಲ್ಲ, ಆದರೆ ಅದು ವ್ಯಾಪಾರದ ಲಾಭಕ್ಕಾಗಿ. ಆದ್ದರಿಂದ ಅವನ ಪ್ರಾಮಾಣಿಕತೆಗೆ ನೈತಿಕ ಬೆಲೆಯಿಲ್ಲ. ಭಯದಿಂದ ನಯವಾದ ಕೈಗೂ ಹಾಗೆಯೇ ಎನ್ನಬಹುದು.

ಕೇಳಿಯೇಬಿಡೋಣ ಎಂದು ಒಂದು ಸಂಜೆ ಕೇಳಿದೆ.

“ಮಾಮ, ಗೇರು ಕರ್ ಅಂದ್ರೆ ಯಜಮಾನ್ರು ಬೈತಿದ್ರಾ?”

“ಇಲ್ಲಮ್ಮ. ಪಕ್ಕದಲ್ಲಿ ಮಾತಾಡ್ತಾ ಕೂತಿರೋರು, ಸುಮ್ನಾಗ್ಬಿಡೋರು. ಅಷ್ಟೇ.”

“ಅವ್ರು ಗಾಡೀಲಿ ಇಲ್ದಿದ್ದಾಗ?”

“ಗೇರ್‌ಬಾಕ್ಸ್ ಇರ್ತಿತ್ತಲ್ಲ!” ಎಂದು ನಕ್ಕರು.

ಈ ಎರಡು ಉತ್ತರಗಳನ್ನು ಒಂದರ ಪಕ್ಕ ಒಂದು ಇಟ್ಟು ಬಹಳ ದಿನ ಯೋಚಿಸಿದ್ದೇನೆ. ಮೊದಲನೆಯದರಲ್ಲಿ ಭಯವಿದೆ, ಅದನ್ನು ಮುಚ್ಚಿಡುವುದು ಬೇಡ. ಬೈಗುಳಕ್ಕಿಂತ ಆ ಮೌನ ಹೆಚ್ಚು ಚುಚ್ಚಿರಬೇಕು. ಎರಡನೆಯದರಲ್ಲಿ ಯಜಮಾನರೇ ಇಲ್ಲ. ಭಯದಿಂದ ಶುರುವಾದ ಎಚ್ಚರ ಯಾವುದೋ ಹಂತದಲ್ಲಿ ತನ್ನ ಕಾರಣವನ್ನು ಬದಲಾಯಿಸಿಕೊಂಡಿತು. ಎದುರಿಗಿರುವ ವಸ್ತುವೇ ಕಾರಣವಾಯಿತು. ಕಾಂಟ್‌ನ ತಕ್ಕಡಿಯಲ್ಲಿ ಇದನ್ನು ಎಲ್ಲಿಡುವುದೋ ನನಗೆ ಕಾಣದು, ಏಕೆಂದರೆ ಇದು ಲಾಭವೂ ಅಲ್ಲ, ಕರ್ತವ್ಯವೆಂಬ ಅರಿವೂ ಅಲ್ಲ. ಹಾಗೆಂದು, ನೋಡಿ, ಭಯ ಒಳ್ಳೆಯದನ್ನೇ ಮಾಡಿತು ಎಂದು ಯಜಮಾನರ ಪರ ಯಾರಾದರೂ ತೀರ್ಮಾನಿಸಿದರೆ ನಾನು ಒಪ್ಪಲಾರೆ. ಮಾಮ ನನಗೆ ಕಲಿಸುವಾಗ ಒಮ್ಮೆಯೂ ಗದರಲಿಲ್ಲ, ಮೌನದಿಂದ ಚುಚ್ಚಲಿಲ್ಲ. ಆದರೂ ನಾನು ಕಲಿತೆ. ಭಯ ಬೇಕೇ ಇರಲಿಲ್ಲ ಎಂಬುದಕ್ಕೆ ನನ್ನ ಎಡಗಾಲು ಸಾಕ್ಷಿ.

ಹಳೆಯದನ್ನು ಹೊಗಳುವವರು ಈ ಹಂತದಲ್ಲಿ ಹೊಸ ಕಾರುಗಳನ್ನು ಬೈಯಲು ತೊಡಗುತ್ತಾರೆ. ನನಗೆ ಆ ಉಮೇದಿಲ್ಲ. ಅರ್ಲ್ ಥಾಂಪ್ಸನ್ ಎಂಬ ಅಮೆರಿಕದ ಎಂಜಿನಿಯರ್ ರೂಪಿಸಿದ ಸಿಂಕ್ರೊಮೆಶ್ 1928ರಲ್ಲಿ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಂತು. ಹಲ್ಲುಗಳು ಕೂಡುವ ಮುನ್ನ ಶಂಕುವಿನಾಕಾರದ ಎರಡು ಮೈಗಳು ಒಂದನ್ನೊಂದು ಉಜ್ಜಿ ವೇಗವನ್ನು ಸಮಮಾಡುತ್ತವೆ. ಕಿವಿಯ ಕೆಲಸವನ್ನು ಲೋಹದ ಬಳೆಯೊಂದು ವಹಿಸಿಕೊಂಡಿತು. ಅದೂ ಒಮ್ಮೆಲೇ ಎಲ್ಲ ಗೇರಿಗೂ ಬರಲಿಲ್ಲ. ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿ ಎರಡು ಮತ್ತು ಮೂರನೇ ಗೇರಿಗೆ ಮಾತ್ರ ಇತ್ತು. ನಮ್ಮಲ್ಲಿ ಟ್ಯಾಕ್ಸಿಗಳಾಗಿ ಓಡಿದ ಫಿಯೆಟ್ 1100ರ ಮೊದಲ ಗೇರಿಗೂ ಇರಲಿಲ್ಲ. ಗಾಡಿ ಪೂರ್ತಿ ನಿಲ್ಲದೆ ಮೊದಲನೆಯದಕ್ಕೆ ಹಾಕಬೇಡ ಎಂದು ಕಲಿಸುತ್ತಿದ್ದುದು ಅದಕ್ಕೇ. ಈ ಬಳೆಯಿಂದ ಎಷ್ಟೋ ಜನ ಚಾಲಕರಾದರು. ವಾರಗಟ್ಟಲೆ ಪಕ್ಕದಲ್ಲಿ ಕೂತು ಕಲಿಸುವವರು ಎಲ್ಲರಿಗೂ ಸಿಗುವುದಿಲ್ಲ, ಹೆಂಗಸರಿಗಂತೂ ಆ ಕಾಲದಲ್ಲಿ ಸಿಗುತ್ತಿದ್ದುದು ಇನ್ನೂ ಕಡಿಮೆ. ಬಳೆ ಯಾರನ್ನೂ ನೀನು ಯಾರ ಮಗಳು ಎಂದು ಕೇಳಲಿಲ್ಲ. ಕಾಯುವ ಗುಣ ಕಳೆದುಹೋಯಿತು ಎಂದು ಕೊರಗುವ ಮುನ್ನ ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ನನ್ನನ್ನು ಕಾಡುವುದು ಇನ್ನೊಂದು. ಹಳೆಯ ಕಾರುಗಳು ಈಗ ಗೌರವದ ವಸ್ತುಗಳು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಕ್ಕೆ ಹೋದವರು ಅಲ್ಲಿನ ಕಾರುಗಳ ಸಾಲನ್ನು ನೋಡಿ ಬೆರಗಾಗದೆ ಬರುವುದಿಲ್ಲ, ನಾನೂ ಹೊರತಲ್ಲ. ಊರೂರಿನಲ್ಲಿ ರ‍್ಯಾಲಿಗಳು ನಡೆಯುತ್ತವೆ. ನಾನು ನೋಡಿದ ಒಂದರಲ್ಲಿ ಗಾಜಿಗೆ ಅಂಟಿಸುವ ಚೀಟಿಯಲ್ಲಿ ತಯಾರಕರ ಹೆಸರು, ಇಸವಿ, ಅಶ್ವಶಕ್ತಿ, ಮಾಲೀಕರ ಹೆಸರು, ಇಷ್ಟಕ್ಕೆ ಜಾಗವಿತ್ತು. ತೊಂಬತ್ತು ವರ್ಷ ದಾಟಿದ ಗೇರ್‌ಬಾಕ್ಸ್ ಇನ್ನೂ ಹಲ್ಲುಳಿಸಿಕೊಂಡಿದೆ ಎಂದರೆ ಅದರ ಹಿಂದೆ ಒಂದೊಂದು ಗಾಡಿಗೂ ನಾಲ್ಕೈದು ಜೊತೆ ಕೈಗಳಾದರೂ ಇರಬೇಕು. ಕಾಯಕದ ಬಗ್ಗೆ ಭಾಷಣ ಮಾಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಆ ಕೈಗಳಿಗೆ ಚೀಟಿಯಲ್ಲಿ ಒಂದು ಸಾಲು ಬಿಡುವುದು ಮಾತ್ರ ಹೊಳೆದಿರಲಿಲ್ಲ. ಕೈಯ ತಿಳಿವು ಮಾತಿಗೆ ಸಿಗದು ಎಂಬ ತತ್ತ್ವ ಇಲ್ಲಿ ಅನುಕೂಲದ ನೆಪವೂ ಆಗುತ್ತದೆ. ಹೇಳಲಾಗದ್ದನ್ನು ಬರೆಯುವುದು ಹೇಗೆ ಎಂದು ಕೇಳಿ ಸುಮ್ಮನಾಗಬಹುದು. ಆದರೆ ತಿಳಿವನ್ನು ಬರೆಯಲಾಗದಿದ್ದರೂ ತಿಳಿದವರ ಹೆಸರನ್ನು ಬರೆಯಲು ಅಡ್ಡಿಯೇನು?

ಗೆಳತಿಗೆ ಇದನ್ನು ಹೇಳಿದೆ. ಮುಂದಿನ ರ‍್ಯಾಲಿಗೆ ತಾನೇ ಇನ್ನೊಂದು ಚೀಟಿ ಬರೆಸಿ ಗಾಜಿಗೆ ಅಂಟಿಸುವುದಾಗಿ ಒಪ್ಪಿದ್ದಾಳೆ. ಮಾಮನಿಗೆ ಈ ಮಾತಿನಲ್ಲಿ ಹೆಚ್ಚು ಆಸಕ್ತಿ ಕಾಣಲಿಲ್ಲ. ರ‍್ಯಾಲಿ ಡಿಸೆಂಬರಿನ ಬೆಳಿಗ್ಗೆ ಎಂದು ತಿಳಿದಾಗ ಮಾತ್ರ ಕಿವಿ ನಿಮಿರಿತು. ಚಳಿಗೆ ಗೇರ್ ಆಯಿಲ್ ಗಟ್ಟಿಯಾಗಿರುತ್ತದೆ, ಒಳಗಿನ ಗೇರುಗಳು ಬೇಗ ನಿಧಾನವಾಗುತ್ತವೆ, ಆದ್ದರಿಂದ ಎರಡರಿಂದ ಮೂರಕ್ಕೆ ಏರಿಸುವಾಗ ನ್ಯೂಟ್ರಲ್‌ನಲ್ಲಿ ಅಷ್ಟು ಹೊತ್ತು ಕಾಯಬಾರದು, ಬಿಸಿಲೇರಿದ ಮೇಲೆ ಮತ್ತೆ ಹಳೇ ಲೆಕ್ಕ ಎಂದು, ನಾನು ಬರೆದುಕೊಳ್ಳುತ್ತಿದ್ದೇನೆಯೇ ಎಂದು ಕೂಡ ನೋಡದೆ, ಬಾನೆಟ್ ಎತ್ತುತ್ತಾ ಹೇಳಿದರು.