ಆರನೆಯ ಸೂತಕ



ನಮ್ಮ ಧರ್ಮವು ಪಂಚಸೂತಕಗಳನ್ನು ಒಪ್ಪದ ಧರ್ಮ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಈ ಐದೂ ಲಿಂಗಧಾರಿಗೆ ಸೋಂಕುವುದಿಲ್ಲವೆಂದು ಶರಣರು ಸಾರಿದರು. ಅಂಗದ ಮೇಲೆ ಲಿಂಗವಿರುವಾಗ ಆ ಅಂಗವು ಮೈಲಿಗೆಯಾಗುವುದೆಂತು? ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕೇಳಿದ ಈ ಪ್ರಶ್ನೆಗೆ ಇಂದಿಗೂ ಎದುರುತ್ತರವಿಲ್ಲ. ಇದನ್ನು ನಾವು ಸಭೆಗಳಲ್ಲಿ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಮನೆಯ ಹೊಸ್ತಿಲೊಳಗೆ ಆರನೆಯದೊಂದು ಸೂತಕವನ್ನು ನಾವೇ ಸಾಕಿಕೊಂಡಿದ್ದೇವೆ. ಅದು ನಾಲಗೆಯ ಸೂತಕ. ಬಸಿರು ನಿಲ್ಲದೆ ಹೋದ ಹೆಣ್ಣುಮಗಳ ಮುಂದೆ ಅದು ಹೆಡೆ ಎತ್ತುವಷ್ಟು ಕ್ರೂರವಾಗಿ ಮತ್ತೆಲ್ಲಿಯೂ ಎತ್ತುವುದಿಲ್ಲ.

ಇದನ್ನು ಬರೆಯುತ್ತಿರುವವನೂ ಆ ದೋಷಕ್ಕೆ ಹೊರತಾದವನಲ್ಲ. ನನ್ನ ಬಳಿ ಓದಿದ ತರುಣನೊಬ್ಬನ ಮಡದಿಗೆ ಮೂರು ತಿಂಗಳ ಗರ್ಭ ಇಳಿದುಹೋಗಿತ್ತು. ಸಾಂತ್ವನ ಹೇಳಲೆಂದು ಹೋದೆ. ಪಡಸಾಲೆಯಲ್ಲಿ ನೆರೆದ ಹಿರಿಯರು ಕಾರಣಗಳನ್ನು ಹುಡುಕುತ್ತಿದ್ದರು. ಗ್ರಹಣದ ದಿನ ಅಂಗಳಕ್ಕೆ ಬಂದಿದ್ದಳೆಂದು ಒಬ್ಬರು, ತುಂಬಿದ ಕೊಡ ಎತ್ತಿದಳೆಂದು ಇನ್ನೊಬ್ಬರು, ಹಿಂದಿನ ಜನ್ಮದ್ದೆಂದು ಮತ್ತೊಬ್ಬರು. ನಾನು ಇವರೆಲ್ಲರಿಗಿಂತ ತಿಳಿದವನೆಂಬ ಭಾವದಿಂದ ಸಂಸಾರದ ಅನಿತ್ಯತೆಯನ್ನು ಕುರಿತು ಕಾಲು ಗಂಟೆ ಉಪದೇಶಿಸಿ, “ಮೂರು ತಿಂಗಳದ್ದಷ್ಟೇ ತಾಯಿ, ಇನ್ನೊಂದು ಆದೀತು” ಎಂದು ಮುಗಿಸಿದೆ. ಆ ಮಗಳು ಒಂದು ಮಾತನ್ನೂ ಆಡದೆ ಎದ್ದು ಒಳಗೆ ಹೋದಳು.

ಆಗ ಅತ್ತೆ, ಎಪ್ಪತ್ತು ದಾಟಿದ ಹಿರಿಯ ಜೀವ, ಗಂಜಿಯ ಬಟ್ಟಲನ್ನು ಹಿಡಿದು ಅವಳ ಹಿಂದೆಯೇ ಹೋದರು. ಬಾಗಿಲು ತೆರೆದೇ ಇತ್ತು. “ಯವ್ವಾ, ನನ್ನವೂ ಎರಡು ಹೋದವು. ಒಂದು ನಾಲ್ಕು ತಿಂಗಳಿಗೆ, ಒಂದು ದಿನ ತುಂಬಿದ ಮ್ಯಾಲ. ಹಿತ್ತಲದಾಗ ಹುಗದು ಬಂದ್ರು. ಯಾರೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನೀ ಅಳು, ನಾ ಕುಂತೀನಿ.” ಇಷ್ಟೇ ಆ ತಾಯಿ ಆಡಿದ್ದು. ಒಳಗಿನಿಂದ ಅಳು ಕೇಳಿಬಂದಿತು. ಮೂರು ದಿನಗಳಿಂದ ಆ ಮಗಳು ಅತ್ತಿರಲಿಲ್ಲವೆಂದು ಅನಂತರ ತಿಳಿಯಿತು. ಆ ದಿನ ಆ ಮನೆಯಲ್ಲಿ ಉಪದೇಶ ಮಾಡಿದವರು ಯಾರು, ಕೇಳಿ ಕಲಿಯಬೇಕಾದವರು ಯಾರು ಎಂಬುದನ್ನು ವಾಚಕರೇ ನಿರ್ಣಯಿಸಲಿ.

‘ಮೂರು ತಿಂಗಳದ್ದಷ್ಟೇ’ ಎಂಬ ಮಾತನ್ನು ಮೊದಲು ವಿಚಾರಿಸೋಣ. ಗರ್ಭದಲ್ಲಿರುವ ಶಿಶುವಿಗೆ ಎಂಟನೆಯ ತಿಂಗಳಿನಲ್ಲಿ ಲಿಂಗಧಾರಣೆ ಮಾಡುವ ಸಂಪ್ರದಾಯ ನಮ್ಮದು. ಕಣ್ಣು ಬಿಡುವ ಮೊದಲೇ ಜೀವವನ್ನು ಶಿವನದೆಂದು ಒಪ್ಪಿಕೊಂಡ ಸಮಾಜವು, ಕಣ್ಣು ಬಿಡುವ ಮೊದಲೇ ಹೊರಟುಹೋದ ಜೀವವನ್ನು ಏನೂ ಅಲ್ಲವೆಂದು ಹೇಗೆ ಹೇಳೀತು? ತಿಂಗಳುಗಳನ್ನು ಎಣಿಸುವವರು ನಾವು. ತಾಯಿ ಎಣಿಸುವುದು ಮಗುವನ್ನು. ಹೆಸರಿಡದಿದ್ದರೂ ಅವಳ ಮನಸ್ಸಿನಲ್ಲಿ ತೊಟ್ಟಿಲು ಕಟ್ಟಿಯಾಗಿತ್ತು. ಆದುದರಿಂದ ಅದು ಸಾವು, ಅವಳದು ಶೋಕ. ಶೋಕಕ್ಕೆ ಸಲ್ಲಬೇಕಾದ ಮರ್ಯಾದೆ ಅದಕ್ಕೂ ಸಲ್ಲಬೇಕು.

ಇನ್ನು ಕಾರಣದ ಮಾತು. ವೈದ್ಯಶಾಸ್ತ್ರ ಇಂದು ತಿಳಿಸುವುದೇನೆಂದರೆ, ಗುರುತಿಗೆ ಬಂದ ಗರ್ಭಗಳಲ್ಲಿ ನೂರಕ್ಕೆ ಸುಮಾರು 10ರಿಂದ 20ರಷ್ಟು ನಿಲ್ಲದೆ ಹೋಗುತ್ತವೆ. ಇವುಗಳಲ್ಲಿ ಬಹುಪಾಲು ಹೋಗುವುದು ಮೊದಲ ಮೂರು ತಿಂಗಳಿನಲ್ಲಿ. ಹಾಗೆ ಹೋದವುಗಳಲ್ಲಿ ಅರ್ಧದಷ್ಟಕ್ಕೆ, ಗರ್ಭ ಕಟ್ಟುವ ಹೊತ್ತಿನಲ್ಲಿಯೇ ವರ್ಣತಂತುಗಳು ಸರಿಯಾಗಿ ಕೂಡದಿರುವುದು ಕಾರಣ. ಮನೆಗೆಲಸ ಮಾಡಿದ್ದು, ಮೆಟ್ಟಿಲು ಹತ್ತಿದ್ದು, ಗ್ರಹಣದಲ್ಲಿ ಹೊರಬಂದದ್ದು ಇದಕ್ಕೆ ಕಾರಣವಲ್ಲ. ತಿಂಗಳು ತುಂಬಿದ ಮೇಲೆ ಹೋಗುವ ಗರ್ಭಗಳಿಗೆ ರಕ್ತದೊತ್ತಡ, ಸಕ್ಕರೆಕಾಯಿಲೆ, ಸೋಂಕು ಮೊದಲಾದ ಬೇರೆ ಕಾರಣಗಳಿರಬಹುದು. ಅವುಗಳನ್ನು ಪರೀಕ್ಷಿಸಿ ತಿಳಿಯಬೇಕಾದವರು ವೈದ್ಯರೇ ಹೊರತು ನೆರೆಹೊರೆಯವರಲ್ಲ.

ಪೂರ್ವಜನ್ಮದ ಕರ್ಮವೆಂಬ ಮಾತಂತೂ ಲಿಂಗವಂತರ ಬಾಯಿಗೆ ತಕ್ಕುದಲ್ಲ. ದೀಕ್ಷೆಯಿಂದ ಪೂರ್ವಾಶ್ರಯವು ಅಳಿಯಿತೆಂಬುದು ನಮ್ಮ ಸಿದ್ಧಾಂತ. ಗುರುವು ಕರುಣಿಸಿ ಅಳಿಸಿದ ಲೆಕ್ಕವನ್ನು ಮತ್ತೆ ಬರೆದು ನೊಂದವಳ ಕೈಗೆ ಕೊಡಲು ನಾವು ಯಾರು? ತಿಥಿ, ಶಕುನಗಳ ಭಯದಿಂದ ಜನರನ್ನು ಬಿಡಿಸಿದ ಬಸವಣ್ಣನವರ ಮಾರ್ಗದಲ್ಲಿ ನಡೆಯುತ್ತೇವೆಂದು ಹೇಳುತ್ತ, ಹೆತ್ತೊಡಲನ್ನು ಅಪಶಕುನವೆನ್ನುವುದು ಗುರುದ್ರೋಹವಲ್ಲವೇ?

ಶರಣರು ಮರಣವನ್ನು ಹಬ್ಬವೆಂಬಂತೆ ಕಂಡವರಲ್ಲವೇ, ಅಳುವುದು ಭಕ್ತಿಗೆ ಕುಂದಲ್ಲವೇ ಎಂದು ಕೆಲವರು ಕೇಳುತ್ತಾರೆ. ಶರಣರು ಹಾಗೆ ಕಂಡದ್ದು ತಮ್ಮ ಮರಣವನ್ನು. ಮಗುವನ್ನು ಕಳೆದುಕೊಂಡವರ ಮುಂದೆ ನಿಂತು ‘ಅಳಬೇಡ’ ಎಂದು ಗದರಿಸಲು ಆ ಧೈರ್ಯವನ್ನು ಅವರು ಬಳಸಲಿಲ್ಲ. ತನ್ನ ನೋವಿಗೆ ಧೈರ್ಯ, ಪರರ ನೋವಿಗೆ ಕರುಣೆ. ಇದು ಶರಣರ ಕ್ರಮ. ನಾವು ಇದನ್ನು ತಿರುವುಮುರುವು ಮಾಡಿಕೊಂಡಿದ್ದೇವೆ.

ಹಾಗಾದರೆ ಗೃಹಸ್ಥರು ಮಾಡಬೇಕಾದುದೇನು? ಮೊದಲನೆಯದು, ಬಳಿಯಲ್ಲಿ ಕುಳಿತುಕೊಳ್ಳುವುದು. ದಾಸೋಹವೆಂದರೆ ಅನ್ನವಿಕ್ಕುವುದು ಮಾತ್ರವಲ್ಲ. ಹೊತ್ತನ್ನೂ ಕಿವಿಯನ್ನೂ ಕೊಡುವುದು ದಾಸೋಹವೇ. “ನಿನ್ನ ತಪ್ಪಿಲ್ಲ”, “ನಾವಿದ್ದೇವೆ” ಎಂಬೆರಡು ಮಾತು ಸಾಕು. ಎರಡನೆಯದು, ವಿಶ್ರಾಂತಿ. ಗರ್ಭಪಾತವಾದ ನೌಕರ ಸ್ತ್ರೀಗೆ ಆರು ವಾರಗಳ ಸಂಬಳಸಹಿತ ರಜೆಯನ್ನು 1961ರ ಹೆರಿಗೆ ಸೌಲಭ್ಯ ಕಾಯಿದೆಯೇ ವಿಧಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಆ ವಿಧಿಯುಂಟು. ಕಾಯಿದೆಗೆ ಇರುವಷ್ಟು ಕರುಣೆ ಮನೆಗೆ ಇರಬೇಡವೇ? ಆರನೆಯ ದಿನಕ್ಕೆ ಸೊಸೆಯನ್ನು ಹೊಲಕ್ಕೆ ಅಟ್ಟುವ ಮನೆಗಳು ಇದನ್ನು ಯೋಚಿಸಲಿ. ಮೂರನೆಯದು, ಕುಬುಸದ ಕಾರ್ಯ, ತೊಟ್ಟಿಲ ಕಾರ್ಯಗಳಿಂದ ಅವಳನ್ನು ದೂರವಿಡಬಾರದು. ಕರೆಯಬೇಕು, ಬರುವುದು ಬಿಡುವುದು ಅವಳ ಇಚ್ಛೆ. ನಾಲ್ಕನೆಯದು, ಗಂಡನನ್ನು ಮರೆಯಬಾರದು. ಅವನೂ ತಂದೆಯಾಗಲಿದ್ದವನು. ಗಂಡಸೆಂಬ ಕಾರಣಕ್ಕೆ ಅವನ ದುಃಖಕ್ಕೆ ಬಾಗಿಲಿಲ್ಲದಂತೆ ಮಾಡಿದರೆ ಅದು ಕೋಪವಾಗಿಯೋ ಕುಡಿತವಾಗಿಯೋ ಹೊರಬಿದ್ದೀತು.

ದುಃಖವು ಕಾಲಕ್ರಮದಲ್ಲಿ ತಿಳಿಯಾಗುವುದುಂಟು. ಕೆಲವೊಮ್ಮೆ ಅದು ರೋಗವಾಗಿ ನಿಲ್ಲುತ್ತದೆ. ಎರಡು ವಾರ ಕಳೆದರೂ ದಿನವೆಲ್ಲ ಮಂಕು ಕವಿದಿರುವುದು, ನಿದ್ರೆ ಬಾರದಿರುವುದು, ಅನ್ನ ಸೇರದಿರುವುದು, ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ಎಲ್ಲಕ್ಕೂ ತನ್ನನ್ನೇ ಹಳಿದುಕೊಳ್ಳುವುದು ಕಂಡುಬಂದರೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ‘ನಾನಿದ್ದು ಏನು ಫಲ’ ಎಂಬ ಮಾತು ಬಂದರೆ ಎರಡು ವಾರ ಕಾಯಬಾರದು; ಅವಳನ್ನು ಒಂಟಿಯಾಗಿ ಬಿಡಲೂಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ಮೆತ್ತಗೆ, ನೇರವಾಗಿ ಕೇಳಬಹುದು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ; ಒಳಗಿನ ಭಾರ ಇಳಿಯಲು ದಾರಿಯಾಗುತ್ತದೆ. ಮನೋವೈದ್ಯರ ಸಲಹೆಗಾಗಿ ಸರಕಾರವು 2022ರಲ್ಲಿ ತೆರೆದ ಟೆಲಿ ಮಾನಸ್ ಎಂಬ ಸೇವೆಯುಂಟು. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಿಯಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ತೆರಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಂತೂ ನಾಡಿಗೆಲ್ಲ ಪರಿಚಿತವಾದುದೇ.

ಪಂಚಾಕ್ಷರಿಯಿರುವಾಗ ಔಷಧವೇಕೆಂದು ಕೇಳುವ ಭಕ್ತರಿಗೆ ಒಂದೇ ಮಾತು. ಕಾಲು ಮುರಿದರೆ ನಾವು ಮಂತ್ರವನ್ನೂ ಬಿಡುವುದಿಲ್ಲ, ದವಾಖಾನೆಯನ್ನೂ ಬಿಡುವುದಿಲ್ಲ. ಮನಸ್ಸು ಮುರಿದಾಗ ಮಾತ್ರ ಭಕ್ತಿ ಸಾಲದೆಂದು ದೂರುವುದೇಕೆ? ವೈದ್ಯನದೂ ಕಾಯಕವೇ; ಸತ್ಯಶುದ್ಧವಾದ ಕಾಯಕದಲ್ಲಿ ಶಿವನಿರುವನೆಂದು ನಂಬಿದವರು ಆ ಕೈಯಿಂದ ಬಂದ ಔಷಧವನ್ನು ಪ್ರಸಾದವೆಂದೇ ಸ್ವೀಕರಿಸಬಹುದು. ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟುಕೊಂಡರೂ ಮನಸ್ಸು ನಿಲ್ಲದೆ ಕಣ್ಣೀರು ಬಂದರೆ, ಆ ಕಣ್ಣೀರೇ ಅವಳ ಆ ದಿನದ ಅಭಿಷೇಕ. ಪೂಜೆ ತಪ್ಪಿತೆಂದು ಅವಳನ್ನು ಯಾರೂ ಆಕ್ಷೇಪಿಸದಿರಲಿ.

ಆ ಹಿರಿಯ ತಾಯಿ ತಮ್ಮ ಎರಡು ಮಕ್ಕಳ ಮಾತನ್ನು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಎದೆಯಲ್ಲಿಯೇ ಹೂತಿಟ್ಟಿದ್ದರು. ನಮ್ಮ ಮನೆಗಳಲ್ಲಿ ಅಂಥ ಎದೆಗಳು ಎಷ್ಟಿವೆಯೋ ಶಿವನೇ ಬಲ್ಲ. ಈ ಸಂಚಿಕೆಯನ್ನು ಕೆಳಗಿಟ್ಟ ಮೇಲೆ ಒಬ್ಬ ತಾಯಿಯ, ಒಬ್ಬ ತಂಗಿಯ ಬಳಿ ಕುಳಿತು, ಅವರು ಹೇಳಬಯಸಿದರೆ, ಕೇಳಿರಿ. ಐದು ಸೂತಕಗಳನ್ನು ಶರಣರು ಕಳೆದಿದ್ದಾರೆ. ಆರನೆಯದನ್ನು ಕಳೆಯುವ ಕೆಲಸ ನಮಗಾಗಿ ಉಳಿದಿದೆ.