ಹೊರೆಯ ಸರದಿ

ಕಾರನ್ನು ಸರ್ವಿಸ್‌ಗೆ ಬಿಟ್ಟಾಗ ಟೈರುಗಳನ್ನು ಹಿಂದೆ ಮುಂದೆ ಬದಲಾಯಿಸಬೇಕೇ ಎಂದು ಕೇಳುತ್ತಾರೆ. ನಾಲ್ಕೂ ಚೆನ್ನಾಗಿಯೇ ಇವೆಯಲ್ಲ, ಈ ಸಲ ಬೇಡ ಎಂದುಬಿಡುವವರೇ ನಮ್ಮಲ್ಲಿ ಹೆಚ್ಚು. ನೋಡುವುದಕ್ಕೇನೋ ನಾಲ್ಕೂ ಒಂದೇ. ಆದರೆ ನಮ್ಮ ಮನೆಗಳ ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಂಜಿನ್ ಇರುವುದು ಮುಂದೆ. ಗಾಡಿಯನ್ನು ಎಳೆಯುವುದು ಮುಂದಿನ ಚಕ್ರಗಳೇ. ತಿರುವಿನಲ್ಲಿ ಹೊರಳುವುದೂ ಅವೇ. ಬ್ರೇಕ್ ಒತ್ತಿದೊಡನೆ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಆ ಹೊಡೆತವೂ ಅವುಗಳ ಪಾಲಿಗೇ. ಸವೆಸಿದ ದಾರಿ ಒಂದೇ ಆದರೂ ಮುಂದಿನ ಜೋಡಿ ಬೇಗ ಸವೆಯುತ್ತದೆ.

ಅದಕ್ಕೇ ಸುಮಾರು 8ರಿಂದ 10 ಸಾವಿರ ಕಿಲೋಮೀಟರಿಗೊಮ್ಮೆ ಸ್ಥಾನ ಬದಲಿಸುವ ಕ್ರಮ. ಸಾಮಾನ್ಯವಾಗಿ ಮುಂದಿನವು ನೇರ ಹಿಂದಕ್ಕೆ, ಹಿಂದಿನವು ಎಡಬಲ ಅದಲುಬದಲಾಗಿ ಮುಂದಕ್ಕೆ. ಪಕ್ಕದಲ್ಲಿ ಬಾಣದ ಗುರುತಿರುವ ಟೈರಾದರೆ ಅದೇ ಬದಿಯಲ್ಲಿ ಮಾತ್ರ ಹಿಂದೆ ಮುಂದೆ ಆಗಬೇಕು. ಆಮೇಲೆ ಗಾಳಿಯನ್ನು ಆಯಾ ಜಾಗಕ್ಕೆ ಹೇಳಿದಷ್ಟೇ ಇರಿಸಬೇಕು. ಒಂದೇ ಅಂಚು ಸವೆದಿದ್ದರೆ ಮಾತ್ರ ಸ್ಥಾನ ಬದಲಿಸಿದರೆ ಸಾಲದು, ಅಲೈನ್‌ಮೆಂಟ್ ಮಾಡಿಸಬೇಕು. ಇನ್ನು ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿದ ಟೈರನ್ನು ಎಲ್ಲಿಗೆ ಹಾಕಿಯೂ ಪ್ರಯೋಜನವಿಲ್ಲ. ಸರದಿ ಬದಲಿಸುವುದು ಗಟ್ಟಿಯಿರುವಾಗಲೇ.

ಗೃಹಸ್ಥರಾದ ನಾವು ಗಮನಿಸಬೇಕಾದದ್ದು ಈ ಕೊನೆಯ ಮಾತನ್ನು. ಹಾಸಿಗೆ ಹಿಡಿದ ಹಿರಿಯರಿರುವ ಮನೆಗಳನ್ನು ನೋಡಿ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು, ಆಸ್ಪತ್ರೆಯ ಓಡಾಟ, ನಡುರಾತ್ರಿ ಎದ್ದು ಮಗ್ಗುಲು ಬದಲಿಸುವುದು, ಎಲ್ಲವೂ ಬಹುಪಾಲು ಒಬ್ಬರ ಹೆಗಲಿಗೇ ಬಂದಿರುತ್ತದೆ. ‘ಅವಳಿಗೆ ಅಭ್ಯಾಸವಾಗಿದೆ, ಅವಳಷ್ಟು ಚೆನ್ನಾಗಿ ನಮಗೆ ಬರುವುದಿಲ್ಲ’ ಎನ್ನುತ್ತೇವೆ. ಕೇಳಲು ಮೆಚ್ಚುಗೆಯಂತಿದ್ದರೂ ಈ ಮಾತಿನಿಂದ ಹೊರೆ ಎಳ್ಳಷ್ಟೂ ಇಳಿಯುವುದಿಲ್ಲ. ಆಕೆಯೇ ಜ್ವರ ಬಂದು ಮಲಗಿದ ದಿನ, ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ಆಮೇಲೆ ಎಂಬುದು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ದಣಿದವರು ಒಬ್ಬರಾದರೆ, ಕಲಿಯದೆ ಉಳಿದವರು ಉಳಿದವರೆಲ್ಲ.

ಕರುಣೆ ಎಂದರೆ ಇಲ್ಲಿ ದೊಡ್ಡ ತ್ಯಾಗವೇನಲ್ಲ, ಒಂದು ವೇಳಾಪಟ್ಟಿ ಅಷ್ಟೆ. ಭಾನುವಾರದ ಆರೈಕೆ ಮಗನದು, ತಿಂಗಳ ಆಸ್ಪತ್ರೆಯ ಭೇಟಿ ಅಳಿಯನದು ಎಂದು ಕೂತು ಮಾತಾಡಿಕೊಳ್ಳಲು ಕಾಲು ಗಂಟೆ ಸಾಕು. ನಿಮ್ಮ ಮನೆಯಲ್ಲಿ ಮುಂದಿನ ಚಕ್ರವಾಗಿರುವವರು ಯಾರೆಂದು ನಿಮಗೆ ಗೊತ್ತಿದೆ. ಅವರು ಸಾಕಾಯಿತು ಎನ್ನುವವರೆಗೆ ಕಾಯದೆ, ಈ ವಾರ ಅವರ ಒಂದು ಕೆಲಸವನ್ನು ನೀವೇ ವಹಿಸಿಕೊಳ್ಳಿ.