ಸುಮ್ಮನೆ ತುಳಿಯುವ ಸೈಕಲ್ಲು

"ಏನ್ ಕೆಲ್ಸದ ಮ್ಯಾಲೆ ಬಂದ್ರಪ್ಪಾ?" ಎಂದು ಆ ಯಜಮಾನರು ಕೇಳಿದರು.

ಜಕ್ಕನಹಳ್ಳಿ ಕ್ರಾಸಿನ ಟೀ ಅಂಗಡಿ. ಆಗಸ್ಟ್ ತಿಂಗಳ ಒಂದು ಭಾನುವಾರ. ನಾವು ನಾಲ್ಕು ಜನ, ಮೂವರು ಹಳ್ಳಿಶಾಲೆ ಮೇಷ್ಟ್ರುಗಳು (ಒಬ್ಬರು ನಿವೃತ್ತರು), ನಮ್ಮಲ್ಲೇ ಓದಿ ಈಗ ಕಾಲೇಜು ಸೇರಿರುವ ಒಬ್ಬ ಹುಡುಗಿ, ಬೆಳಗಿನ ಜಾವವೇ ಶ್ರೀರಂಗಪಟ್ಟಣ ಬಿಟ್ಟು ಪಾಂಡವಪುರದ ಮೇಲೆ ಹಾದು ಮೇಲುಕೋಟೆಗೆ ಹೊರಟಿದ್ದೆವು. ಸುಮಾರು 35 ಕಿಲೋಮೀಟರಿನ ದಾರಿ. ಕೆಲಸವೇನೂ ಇರಲಿಲ್ಲ. ಹಾಗಂತಲೇ ಹೇಳಿದೆವು: "ಕೆಲ್ಸ ಏನಿಲ್ಲ ಯಜಮಾನ್ರೇ, ಸುಮ್ಗೆ." ಅವರು ನಮ್ಮ ಸೈಕಲ್ಲುಗಳ ಕ್ಯಾರಿಯರ್ ಕಡೆ ನೋಡಿದರು. ಅಲ್ಲಿ ಹುಲ್ಲಿನ ಹೊರೆಯಿಲ್ಲ, ಮೂಟೆಯಿಲ್ಲ, ಹಾಲಿನ ಕ್ಯಾನಿಲ್ಲ. "ಸುಮ್ಗೆ ಯಾರಾದ್ರೂ ಇಷ್ಟ್ ದೂರ ತುಳಿದಾರಾ?" ಎಂದು ನಕ್ಕರು.

ನಾವೂ ನಕ್ಕೆವು. ಆದರೆ ಮುಂದಿನ ಎರಡು ಮೈಲಿ ಯಾರೂ ಮಾತಾಡಲಿಲ್ಲ. ನಮ್ಮ ಕೇರಿಗಳಲ್ಲಿ ಸುಮ್ಮನೆ ತುಳಿದ ಸೈಕಲ್ಲನ್ನು ನಾವೂ ಕಂಡವರಲ್ಲ. ಕೂಲಿಗೆ ಹೋಗುವುದಕ್ಕೆ, ನ್ಯಾಯಬೆಲೆ ಅಂಗಡಿಯ ಅಕ್ಕಿ ತರುವುದಕ್ಕೆ, ಜ್ವರ ಬಂದ ಕೂಸನ್ನು ಬಾರಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಓಡುವುದಕ್ಕೆ ಸೈಕಲ್ಲು. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡ್ಲು ತುಳಿದು ಮೊಣಕಾಲು ತರಚಿಕೊಂಡ ಮಕ್ಕಳಾಗಿದ್ದಾಗ ಮಾತ್ರ ನಾವು ಅದನ್ನು ಸುಮ್ಮನೆ ತುಳಿದಿದ್ದು. ಆಗಲೂ ಬಾಡಿಗೆ ಕಾಸು ಎಲ್ಲಿಂದ ಬಂತೆಂದು ಮನೆಯಲ್ಲಿ ಏಟು ತಿಂದಿದ್ದೇವೆ.

ಹೊರಡುವ ಮುಂಚೆ ಸಂಘಟನೆಯ ಗೆಳೆಯರೊಬ್ಬರು ಖಾರವಾಗಿಯೇ ಹೇಳಿದ್ದರು: "ಜನ ಹೊಟ್ಟೆಗಿಲ್ದೆ ಸಾಯ್ತಾವ್ರೆ, ನೀವು ನದಿ ನೋಡಕ್ಕೆ, ಬೆಟ್ಟ ನೋಡಕ್ಕೆ ಹೊಂಟಿದ್ದೀರಾ? ಇದೆಲ್ಲ ಮಧ್ಯಮವರ್ಗದ ಶೋಕಿ ಕಣ್ರಯ್ಯ." ಈ ಮಾತನ್ನು ನಾವು ಹಗುರವಾಗಿ ತೆಗೆದುಕೊಂಡಿಲ್ಲ. ಬೆವರಿನ ಸಾಹಿತ್ಯ, ಬೆವರಿನ ರಾಜಕಾರಣ ಎನ್ನುತ್ತಾ ಬಂದ ನಾವು ಪ್ರಯೋಜನವಿಲ್ಲದ ಬೆವರು ಸುರಿಸಬಹುದೇ? ಇದು ಕೇಳಲೇಬೇಕಾದ ಪ್ರಶ್ನೆ.

ನಮ್ಮ ನಿವೃತ್ತ ಮೇಷ್ಟ್ರ ಕತೆಯನ್ನು ಇಲ್ಲಿ ಹೇಳಬೇಕು. 1970ರ ದಶಕದ ಮಾತು. ಅವರಪ್ಪ ಜೀತ ಬಿಡಿಸಿಕೊಂಡ ಮೇಲೆ ಕೂಡಿಟ್ಟ ದುಡ್ಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸೈಕಲ್ ತಂದರು. ಕೇರಿಯಿಂದ ಹೊರಟು ಊರೊಳಗಿನ ಬೀದಿ ಬರುತ್ತಲೇ ಇಳಿಯುವುದು, ತಳ್ಳಿಕೊಂಡು ನಡೆಯುವುದು, ಬೀದಿ ಮುಗಿದ ಮೇಲೆ ಹತ್ತುವುದು. ಇದಕ್ಕೆ ಬೋರ್ಡು ಬರೆಸಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಹೈಸ್ಕೂಲಿನ ಹುಡುಗ ಒಂದು ದಿನ ಇಳಿಯಲಿಲ್ಲ. ಬೆಲ್ಲು ಬೇರೆ ಹೊಡೆದ. ಸಂಜೆ ಅಪ್ಪನನ್ನು ಕರೆಸಿದರು. ಹೊಡೆಯಲಿಲ್ಲ, ಬಯ್ಯಲಿಲ್ಲ. ಎರಡೂ ಚಕ್ರದ ಗಾಳಿ ಬಿಟ್ಟು, "ತಳ್ಕೊಂಡ್ ಹೋಗು, ಅಭ್ಯಾಸ ತಪ್ಪಬಾರ್ದು" ಎಂದರಂತೆ. ಅಪ್ಪ ಕತ್ತಲಲ್ಲಿ ಸೈಕಲ್ ತಳ್ಳಿಕೊಂಡು ಬಂದು ಮಗನಿಗೆ ಹೇಳಿದ್ದು ಇಷ್ಟೇ: "ಇಳುದ್ರೆ ಏನ್ಲಾ ಕಳ್ಕೊತಿದ್ದೆ ನೀನು?"

ಐವತ್ತು ವರ್ಷ ಈ ಪ್ರಶ್ನೆಯನ್ನು ಹೊತ್ತುಕೊಂಡು ಮೇಷ್ಟ್ರು ಸೈಕಲ್ ತುಳಿದಿದ್ದಾರೆ. ಶಾಲೆಗೆ, ಸಂತೆಗೆ, ಸಭೆಗೆ, ಧರಣಿಗೆ. ಸುಮ್ಮನೆ ತುಳಿದದ್ದು ಇದೇ ಮೊದಲು ಎಂದರು.

ಸವಾರಿಯ ಮೇಲೆ ಕೂರುವುದೆಂದರೆ ನೆಲದಿಂದ ಎರಡಡಿ ಮೇಲಕ್ಕೆ ಹೋಗುವುದು, ಅಷ್ಟೇ. ಆ ಎರಡಡಿಗಾಗಿ ಈ ದೇಶ ಮಾಡಿರುವ ರಂಪ ಸಣ್ಣದಲ್ಲ. 1893ರಲ್ಲಿ ತಿರುವಾಂಕೂರಿನಲ್ಲಿ ಅಯ್ಯನ್‌ಕಾಳಿ ಎತ್ತಿನ ಗಾಡಿ ಕಟ್ಟಿಕೊಂಡು ನಿಷೇಧದ ರಸ್ತೆಯಲ್ಲಿ ಹೋದದ್ದೇ ಒಂದು ಬಂಡಾಯವಾಯಿತು. 1901ರಲ್ಲಿ ಬಾಲಕ ಅಂಬೇಡ್ಕರ್ ಅಪ್ಪನನ್ನು ನೋಡಲು ರೈಲಿಳಿದು ಹೊರಟಾಗ ಗಾಡಿಯವನು ಮೈಲಿಗೆಯೆಂದು ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಮಕ್ಕಳೇ ಗಾಡಿ ಹೊಡೆದು, ಗಾಡಿಯವನು ಪಕ್ಕದಲ್ಲಿ ನಡೆಯುವುದೆಂದು ತೀರ್ಮಾನವಾಯಿತು. 1929ರಲ್ಲಿ, ಬ್ಯಾರಿಸ್ಟರಾಗಿ ಬಂದ ಮೇಲೆ, ಚಾಳೀಸಗಾಂವ್‌ನಲ್ಲಿ ಟಾಂಗಾದವರು ಅವರನ್ನು ಕೂರಿಸಿಕೊಳ್ಳಲಿಲ್ಲ. ಹೊಡೆಯಲು ಬಾರದ ಕೇರಿಯವನೇ ಟಾಂಗಾ ಹೊಡೆದು, ನದಿಯ ಸೇತುವೆಯ ಮೇಲೆ ಗಾಡಿ ಎಡವಿ, ಅವರು ಎಗರಿಬಿದ್ದು ಕಾಲು ಮುರಿಯಿತು. ಇವೆರಡೂ ನಮ್ಮ ಸಭೆಗಳಲ್ಲಿ ಬಂದು ಹೋಗುವ ಕತೆಗಳು.

ಮೂರನೆಯದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. 1934ರಲ್ಲಿ ಬಾಬಾಸಾಹೇಬರು ಸಂಗಾತಿಗಳ ಜೊತೆ ವೆರೂಳದ ಗುಹೆ ನೋಡುವ ಪ್ರವಾಸಕ್ಕೆ ಹೊರಟು, ದಾರಿಯಲ್ಲಿ ದೌಲತಾಬಾದಿನ ಕೋಟೆ ನೋಡಲು ಇಳಿದರು. ದೂಳು ಮೆತ್ತಿದ ಮುಖ ಕಾಲನ್ನು ಅಲ್ಲಿನ ಕೊಳದಲ್ಲಿ ತೊಳೆದುಕೊಂಡದ್ದಕ್ಕೆ ನೀರು ಮೈಲಿಗೆಯಾಯಿತೆಂದು ಗಲಾಟೆ ಎದ್ದಿತು. ಕೊನೆಗೆ ಕೋಟೆಯೊಳಗೆ ಬಿಟ್ಟರು, ಎಲ್ಲೂ ನೀರು ಮುಟ್ಟದಂತೆ ನೋಡಿಕೊಳ್ಳಲು ಬಂದೂಕಿನ ಸಿಪಾಯಿಯೊಬ್ಬನನ್ನು ಜೊತೆಗಿಟ್ಟು. ಇದನ್ನು ಓದುವಾಗ ನಾವು ನೀರಿನ ಕಡೆಗೇ ನೋಡುತ್ತೇವೆ. ಸರಿಯೇ. ಆದರೆ ಅವರು ಅಲ್ಲಿಗೆ ಹೋದದ್ದು ಯಾಕೆ? ಕೋಟೆ ನೋಡಲು. ತಲೆಯ ಮೇಲೆ ಬೆಟ್ಟದಷ್ಟು ಕೆಲಸವಿದ್ದ ಮನುಷ್ಯ ಹಳೆಯ ಕಲ್ಲುಗಳನ್ನು ನೋಡಲು ಹೊರಟಿದ್ದರು. ನಮ್ಮ ಖಾರದ ಗೆಳೆಯರಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಬೀಡಿ ಸೇದಿದರು. ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ.

ಹಾಗಾದರೆ ನೋಡುವುದು ನಮ್ಮ ಹಕ್ಕು, ನೋಡಿಬಿಡೋಣ ಎಂದು ಮುಗಿಸಬಹುದಿತ್ತು. ಪಾಂಡವಪುರ ದಾಟಿದ ಮೇಲೆ ನಡೆದದ್ದು ಬೇರೆ. ನಾಲೆಯಲ್ಲಿ ನೀರು ಬಿಟ್ಟಿದ್ದರು. 1911ರಲ್ಲಿ ಶುರುವಾಗಿ 1931ರಲ್ಲಿ ಮುಗಿದ ಕನ್ನಂಬಾಡಿ ಕಟ್ಟೆಯ ನೀರು. ಎರಡೂ ಕಡೆ ಕೆಸರುಗದ್ದೆ, ಮಧ್ಯೆ ಮಧ್ಯೆ ಕಬ್ಬು, ಗದ್ದೆಯ ಮೇಲೆ ಬೆಳ್ಳಕ್ಕಿ ಸಾಲು, ಸಾಲಾಗಿ ಬಗ್ಗಿ ನಾಟಿ ಹಾಕುತ್ತಿದ್ದ ಹೆಣ್ಣುಮಕ್ಕಳು. ಎಷ್ಟು ಚೆನ್ನಾಗಿತ್ತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ. ನಮ್ಮಲ್ಲೊಬ್ಬರು ಸೈಕಲ್ ನಿಲ್ಲಿಸಿ ಮೊಬೈಲು ತೆಗೆದು ಫೋಟೋ ಹಿಡಿಯಹೋದರು. ಸಾಲಿನಿಂದ ಒಬ್ಬಾಕೆ ತಲೆ ಎತ್ತಿ ಕೂಗಿದಳು: "ಲೋ ಅಣ್ಣಯ್ಯ, ಫೋಟೋ ಆಮ್ಯಾಲೆ ತಕ್ಕೊಳ್ವಂತೆ, ಒಂದ್ ಕಟ್ಟು ಪೈರು ನೆಟ್ಬುಟ್ಟು ಹೋಗು ಬಾ!" ಸಾಲಿಗೆ ಸಾಲೇ ನಕ್ಕಿತು.

ಅವರ ನಗುವಿನಲ್ಲಿ ಸಿಟ್ಟಿರಲಿಲ್ಲ. ಆದರೆ ಫೋಟೋ ಹಿಡಿಯಹೋದವರ ತಾಯಿ ಹೀಗೇ ಬಗ್ಗಿ ಬಗ್ಗಿ ಸೊಂಟ ಹೋಗಿ ಮಲಗಿದ್ದವರು. ಆ ಬೆನ್ನುಗಳು ಅವರ ಕಣ್ಣಿಗೆ ಬೆಳ್ಳಕ್ಕಿ ಸಾಲಿನಂತೆಯೇ ಕಂಡದ್ದು ಹೇಗೆ? ಸೈಕಲ್ಲಿನ ಮೇಲಿನ ಆ ಎರಡಡಿಯೇ ಇದನ್ನು ಮಾಡಿತೇ? ಬದುವಿನ ಮೇಲೆ ಕೊಡೆ ಹಿಡಿದು ನಿಂತ ಧಣಿಗೂ ಗದ್ದೆ ಹೀಗೇ ಕಂಡಿರಬೇಕು. ಇಳಿಯದೆ ಹೋಗುವುದನ್ನು ಕಲಿಯಲು ನಾವು ಎರಡು ತಲೆಮಾರು ಗುದ್ದಾಡಿದ್ದೇವೆ. ಆದರೆ ಎಲ್ಲಿ ಇಳಿಯಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಮೊಬೈಲು ಜೇಬಿಗೆ ಹೋಯಿತು. ಪ್ಯಾಂಟು ಮಡಚಿ ಗದ್ದೆಗಿಳಿದು ಅವರು ನೆಟ್ಟದ್ದು ಅರ್ಧ ಕಟ್ಟು ಪೈರು, ಅದೂ ಸೊಟ್ಟಗೆ. ಆ ಹೆಣ್ಣುಮಗಳು ಕಿತ್ತು ಮತ್ತೆ ನೆಟ್ಟಳು. ಇದರಿಂದ ಏನೂ ಸರಿಹೋಗಲಿಲ್ಲವೆಂದು ನಮಗೆ ಗೊತ್ತಿದೆ. ನಾಟಕವಾಯಿತೇ ಎಂಬ ಅನುಮಾನವೂ ಇದೆ.

ಸೈಕಲ್ಲೂ ಏನು ನಿಷ್ಪಾಪಿಯಲ್ಲ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ಮಾಡಿದ ಮೇಲೆ ಯೂರೋಪಿನ ಜನ ಭಾನುವಾರಗಳಂದು ಕಾಡಿನ ದಾರಿ, ಹೊಳೆಯ ದಾರಿ ಹಿಡಿದು ಹಾಯಾಗಿ ಸುತ್ತತೊಡಗಿದರು. ಆ ಟೈರಿಗೆ ಬೇಕಾದ ರಬ್ಬರಿನ ಒಂದು ಪಾಲು ಬೆಲ್ಜಿಯಂ ದೊರೆ ಲಿಯೋಪೋಲ್ಡ್ 1885ರಿಂದ 1908ರವರೆಗೆ ಸ್ವಂತ ಆಸ್ತಿಯಂತೆ ಆಳಿದ ಕಾಂಗೋದ ಕಾಡುಗಳಿಂದ ಬಂತು. ರಬ್ಬರಿನ ಲೆಕ್ಕಕ್ಕಾಗಿ ಅಲ್ಲಿ ಜನರ ಕೈ ಕಡಿದರು. ಒಬ್ಬರ ಸುಖದ ಗಾಳಿ ಇನ್ನೊಬ್ಬರ ಉಸಿರಿನಿಂದ ಬರುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಹಾಗಂತ ಅದನ್ನು ಬಿಟ್ಟುಕೊಡಲೂ ಆಗುವುದಿಲ್ಲ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯಲ್ಲಿ ಅಕ್ಷರ ಕಲಿಯಲು ಬಂದ ಬಡ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಸೈಕಲ್ ಕಲಿತರು. ನಮ್ಮಲ್ಲಿ 2006-07ರಲ್ಲಿ ಸರ್ಕಾರ ಹೈಸ್ಕೂಲು ಮಕ್ಕಳಿಗೆ ಸೈಕಲ್ ಕೊಡತೊಡಗಿದ ಮೇಲೆ ಕೇರಿಯ ಹುಡುಗಿಯರು ಗುಂಪಾಗಿ ಬೆಲ್ಲು ಹೊಡೆಯುತ್ತಾ ಊರೊಳಗಿನ ಬೀದಿಯಲ್ಲೇ ಹೋದರು. ನಮ್ಮ ಜೊತೆ ಬಂದ ಹುಡುಗಿಗೆ ಮೇಷ್ಟ್ರ ಗಾಳಿ ಬಿಟ್ಟ ಕತೆ ಪೂರ್ತಿ ಅರ್ಥವೇ ಆಗಲಿಲ್ಲ. "ಯಾಕ್ ಸಾರ್ ಇಳಿಬೇಕಿತ್ತು?" ಎಂದು ಕೇಳಿದಳು. ಮೇಷ್ಟ್ರು ಅವಳ ಮುಖವನ್ನೇ ನೋಡುತ್ತಿದ್ದರು. ಎಲ್ಲ ಊರುಗಳಲ್ಲೂ ಹೀಗಾಗಿದೆಯೆಂದು ನಾವು ಬರೆಯಲಾರೆವು.

ಮೇಲುಕೋಟೆ ಹತ್ತಿರವಾದಂತೆ ನಾಲೆಯ ಹಸಿರು ಮುಗಿದು ಬಂಡೆ, ಕುರುಚಲು ಕಾಡು ಬರುತ್ತವೆ. ಈ ಕಾಡನ್ನು 1974ರಲ್ಲಿ ತೋಳಗಳಿಗೆಂದು ವನ್ಯಧಾಮ ಮಾಡಿದರು. ತೋಳ ನಮಗೆ ಕಾಣಲಿಲ್ಲ, ಕಂಡದ್ದು ನವಿಲು. ಏರು ಶುರುವಾಯಿತು. ಸ್ವಲ್ಪ ದೂರ ಎದ್ದು ನಿಂತು ತುಳಿದ ಮೇಷ್ಟ್ರು ಒಂದು ತಿರುವಿನಲ್ಲಿ ಇಳಿದುಬಿಟ್ಟರು. ನಾವೂ ನಿಂತೆವು. ಏದುಸಿರು ಬಿಡುತ್ತಾ ಹ್ಯಾಂಡಲ್ ಮೇಲೆ ಒರಗಿ ಅವರು ನಗತೊಡಗಿದರು. "ಯಾರೂ ಇಳಿ ಅನ್ಲಿಲ್ಲ ಕಣ್ರೋ. ಉಸ್ರು ಕಟ್ತು, ಇಳ್ದೆ" ಎಂದರು. ಅಲ್ಲಿಂದ ಮೇಲಕ್ಕೆ ನಾಲ್ವರೂ ತಳ್ಳಿಕೊಂಡೇ ಹೋದೆವು.

ಊರು ಎಲ್ಲರಿಗೂ ಗೊತ್ತಿರುವುದೇ. ಚೆಲುವನಾರಾಯಣನ ಉತ್ಸವಮೂರ್ತಿಯನ್ನು ದೆಹಲಿಯಿಂದ ತರುವಾಗ ನಮ್ಮವರು ನೆರವಾದರೆಂದೂ, ಅದಕ್ಕಾಗಿ ರಾಮಾನುಜರು ಅವರನ್ನು ತಿರುಕುಲದವರೆಂದು ಕರೆದು ವರ್ಷಕ್ಕೆ ಮೂರು ದಿನ ದೇವಸ್ಥಾನದ ಬಾಗಿಲು ತೆರೆದರೆಂದೂ ಐತಿಹ್ಯ. ಉಪಕಾರದ ಕತೆಯಾಗಿ ಇದನ್ನು ಹೇಳುವವರು ಉಳಿದ 362 ದಿನಗಳ ಲೆಕ್ಕ ಹೇಳುವುದಿಲ್ಲ. ಈಗ ಕಾನೂನಿದೆ, ಬಾಗಿಲು ತೆರೆದಿದೆ. ನಮ್ಮಲ್ಲಿ ಇಬ್ಬರು ಒಳಗೆ ಹೋಗಿ ಕಂಬಗಳ ಕೆತ್ತನೆ ನೋಡಿ ಬಂದರು. ಹುಡುಗಿಗೆ ಬೆಟ್ಟ ಹತ್ತುವ ಆಸೆ, ಹತ್ತಿದಳು. ಮೇಷ್ಟ್ರು ಎಲ್ಲಿಗೂ ಹೋಗದೆ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟಿದ್ದರು. ಯಾರೂ ಏನೂ ಅನ್ನಲಿಲ್ಲ. ಯಾರೂ ಅನ್ನುವುದಿಲ್ಲವೇ ಎಂದು ಕಾಯುತ್ತಿದ್ದರೋ ಏನೋ, ಒಂದು ಗಂಟೆ ಕೂತಿದ್ದರು.

ಇಳಿಜಾರಿನಲ್ಲಿ ತುಳಿಯುವ ಗೊಡವೆಯಿಲ್ಲ. ಮೇಷ್ಟ್ರು ಬ್ರೇಕು ಬಿಟ್ಟು ಎಲ್ಲರಿಗಿಂತ ಮುಂದೆ ಹೋದರು, ಅಂಗಿ ಬೆನ್ನ ಹಿಂದೆ ಉಬ್ಬಿಕೊಂಡಿತ್ತು. ಆ ವಯಸ್ಸಿಗೆ ಅಷ್ಟು ಜೋರು ಒಳ್ಳೆಯದಲ್ಲವೆಂದು ನಾವು ಹಿಂದಿನಿಂದ ಕೂಗಿದ್ದು ಕೇಳಿಸಲಿಲ್ಲ. ಕ್ರಾಸಿನಲ್ಲಿ ಟೀ ಅಂಗಡಿಯ ಯಜಮಾನರು ಅಲ್ಲೇ ಕೂತಿದ್ದರು.

"ಆಯ್ತಾ ಕೆಲ್ಸ?" ಎಂದರು.

"ಆಯ್ತು ಯಜಮಾನ್ರೇ" ಎಂದು ಮೇಷ್ಟ್ರು ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕೂತು, ಐದು ಟೀ ಹೇಳಿದರು.